ಗುರಾಣಿ ಬಡಿಯುವ ಮೂವರು

ಗ್ಲೈಕೋನ್ ಟಂಕಸಾಲೆಯ ಹೊಸ್ತಿಲು ದಾಟುವುದಕ್ಕೂ ಇದ್ದಿಲ ಮೂಟೆಗಳ ಹಿಂದೆ ಮಗು ಎದ್ದು ಅಳುವುದಕ್ಕೂ ಸರಿಹೋಯಿತು. ಮುದುಕ ದಾವೋಸ್ ಕಣ್ಣು ಮಿಟುಕಿಸಿದ್ದೇ ತಡ, ಮೂರು ಸುತ್ತಿಗೆಗಳೂ ಒಟ್ಟಿಗೆ ಅಚ್ಚಿನ ಮೇಲೆ ಬಿದ್ದವು.

ಟ್ರಾಲೆಸ್ ಊರಿನ ಈ ವರ್ಷದ ಕಂಚಿನ ನಾಣ್ಯಕ್ಕೆಲ್ಲ ಗ್ಲೈಕೋನನದೇ ಖರ್ಚು. ಅದನ್ನು ಹೊಡೆಯುವ ಆಳುಗಳೂ ಅವನು ಕೊಂಡ ಗುಲಾಮರೇ. ನಲವತ್ತು ದಿನದ ಹಿಂದೆ ತಿದಿ ಒತ್ತುವ ಅಫಿಯಾ ಹೆತ್ತಾಗ, "ಹೆಣ್ಣಾ? ತಿಪ್ಪೆಗೆ ಹಾಕಿ ಕೆಲಸಕ್ಕೆ ಬರೋಕೆ ಹೇಳು" ಎಂದು ದಾವೋಸ್‌ಗೆ ಅಪ್ಪಣೆ ಮಾಡಿದ್ದ. ಹಾಕಿಯಾಯಿತು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದರು. ಅಲ್ಲಿಂದೀಚೆಗೆ ಟಂಕಸಾಲೆಯಲ್ಲಿ ಗದ್ದಲ ಸ್ವಲ್ಪ ಜಾಸ್ತಿ.

"ಏನ್ರೋ, ನನ್ನ ಕಂಡ್ರೆ ಮಾತ್ರ ಮೈಬಗ್ಗುತ್ತಾ ನಿಮಗೆ?"

"ಧಣಿ ಹೆಸರಿರೋ ನಾಣ್ಯ ಅಲ್ವಾ? ಕೈ ಸುಮ್ನಿರಲ್ಲ!" ದಾವೋಸ್ ಕೂಗಿ ಹೇಳಿದ.

ಗ್ಲೈಕೋನ್ ಒಂದು ಹೊಸ ನಾಣ್ಯ ಎತ್ತಿಕೊಂಡ. ಒಂದು ಕಡೆ ಚಕ್ರವರ್ತಿಯ ತಲೆ. ಇನ್ನೊಂದು ಕಡೆ ನೆಲದ ಮೇಲೊಂದು ಕೂಸು, ಅದರ ಸುತ್ತ ಕುಣಿಯುತ್ತ ಕತ್ತಿಯಿಂದ ಗುರಾಣಿ ಬಡಿಯುವ ಮೂವರು, ಅಂಚಿನಲ್ಲಿ ಗ್ಲೈಕೋನನ ಹೆಸರು. ಆ ಕೂಸು ದೇವತೆಗಳ ಒಡೆಯ ಸ್ಯೂಸ್; ಅವನು ಹುಟ್ಟಿದ್ದು ತಮ್ಮೂರಲ್ಲೇ ಎಂದು ಟ್ರಾಲೆಸ್‌ನವರ ಹಟ. ಹಟಕ್ಕೆ ಪುರಾವೆ ಯಾಕೆ, ಅಚ್ಚು ಸಾಕು.

"ಇದೇನೋ, ಮೂರು ಜನ ಸೇರಿ ಮಗೂನ ಕಡಿಯೋ ಹಾಗಿದೆ?"

"ಕಾಯ್ತಿದಾರೆ ಧಣಿ! ಈ ಕೂಸಿನಪ್ಪ ಹುಟ್ಟಿದ ಮಕ್ಕಳನ್ನೆಲ್ಲ ನುಂಗ್ತಿದ್ನಲ್ಲ, ಇದರ ಅಳು ಅವನ ಕಿವಿಗೆ ಬೀಳಬಾರದು ಅಂತ ಗುರಾಣಿ ಬಡೀತಿದಾರೆ. ನಿಮಗೆ ಗೊತ್ತಿಲ್ಲದ ಕಥೆಯಾ?"

"ಗೊತ್ತಪ್ಪಾ. ಅಮ್ಮ ಎಲ್ಲಿ ಮತ್ತೆ?"

ದಾವೋಸ್ ಏನೋ ಅಂದ. ಸದ್ದಿನಲ್ಲಿ ಕೇಳಿಸಲಿಲ್ಲ.

"ನಿಲ್ಸ್ರೋ ಅದನ್ನ!" ಎಂದು ಗ್ಲೈಕೋನ್ ಕೈ ಎತ್ತಿದ.

ಸುತ್ತಿಗೆಗಳು ನಿಂತವು. ಪುಣ್ಯಕ್ಕೆ ಮಗುವೂ ಸುಮ್ಮನಾಗಿತ್ತು. ಅಫಿಯಾ ತಿದಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅಷ್ಟು ಹೊತ್ತಿನ ಅಳು ಉಳಿದವರಿಗೆ ಕೇಳಿಸದಿದ್ದರೂ ಅವಳಿಗೆ ಕೇಳಿಸಿತ್ತು. ಹಾಲು ಇಳಿದು ಎದೆಯ ಬಟ್ಟೆ ಎರಡೂ ಕಡೆ ತೊಯ್ದಿತ್ತು.

ನಾಲ್ಕು ಮಕ್ಕಳ ತಂದೆ ಗ್ಲೈಕೋನ್. ತಿಪ್ಪೆಗೆ ಹಾಕಿದ ಮಗುವಿಗೆ ನಲವತ್ತು ದಿನದ ಮೇಲೆ ಯಾವ ತಾಯಿಯ ಹಾಲೂ ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತು. ಅವನು ಆ ಒದ್ದೆಯನ್ನು ನೋಡಿದ. ಅಂಗೈಯಲ್ಲಿದ್ದ ನಾಣ್ಯದ ಕೂಸನ್ನೂ ಅದರ ಸುತ್ತ ಇದ್ದ ತನ್ನ ಹೆಸರನ್ನೂ ನೋಡಿದ.

ಮೂಟೆಗಳ ಹಿಂದಿನಿಂದ ಬೆಕ್ಕಿನ ಮರಿಯಂಥ ದನಿ ಮತ್ತೆ ಎದ್ದಿತು.

"ಯಾಕ್ರೋ ನಿಲ್ಸಿದ್ರಿ?" ಗ್ಲೈಕೋನ್ ಗದರಿದ. "ಬಡೀರಿ!"