ಹೆಪ್ಪಿನ ಪಕ್ಕ ಕೂತವನು

ಹೆಪ್ಪು ಹಾಕಿದ ಹಾಲಿನ ಪಕ್ಕ ಯಾರಾದರೂ ಒಂದು ತಾಸು ಸುಮ್ಮನೆ ಕೂರದಿದ್ದರೆ ಅದು ಮೊಸರಾಗುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೆಯೇ. ಚನ್ನಬಸಪ್ಪನ ಮನೆಯಲ್ಲಿ ಆ ಕೆಲಸ ಹೆಂಡತಿ ಕೊಟ್ರಮ್ಮನದು. ಈಗ ಅವಳು ಹೊಟ್ಟೆಯ ಆಪರೇಷನ್ ಆಗಿ ಒಳಕೋಣೆಯಲ್ಲಿ ಮಲಗಿದ್ದಳು. ಮೊಸರನ್ನ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದ ಚನ್ನಬಸಪ್ಪ, ಕೂರುವುದೇನು ಮಹಾ ಎಂದುಕೊಂಡು ಮೂರು ದಿನ ಕೂತ. ಮೂರು ದಿನವೂ ಹಾಲು ಹಾಲಾಗಿಯೇ ಉಳಿಯಿತು.

“ಮುಚ್ಚಳ ತೆಗೆದು ನೋಡಿದ್ರೇನು?” ಕೊಟ್ರಮ್ಮ ಕೇಳಿದಳು.

“ಮುಟ್ಟಿದ್ರೆ ಕೇಳು.”

“ಮನಸ್ಸಿನಾಗೆ ಎಷ್ಟು ಸಲ ತೆಗೆದ್ರಿ?”

ನಾಲ್ಕನೆಯ ದಿನ ಮತ್ತೆ ಕೂತ. ಕಿಟಕಿಯ ಬಿಸಿಲು ಅವನ ಮೊಣಕಾಲಿನಿಂದ ಮೆಲ್ಲಗೆ ಪಾದಕ್ಕೆ ಸರಿಯಿತು. ಒಳಗಿನಿಂದ ಕೊಟ್ರಮ್ಮ ಕೂಗಿದಳು: “ಮೊಸರು ಆತೇನ್ರಿ?”

“ಯಾವ ಮೊಸರು?” ಎಂದ ಚನ್ನಬಸಪ್ಪ, ಪಾದದ ಮೇಲಿನ ಬಿಸಿಲಿನಿಂದ ಕಣ್ಣು ಕೀಳದೆ.

“ಹಂಗಾದ್ರೆ ಅನ್ನಕ್ಕೆ ಇಡ್ರಿ,” ಎಂದಳು ಅವಳು.