ಲ್ಯಾಟಿನ್ ಕಾಗೆ

ಹೊತ್ತು ನೆತ್ತಿಗೆ ಬಂದರೂ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಬಸವಕಲ್ಯಾಣದ ಕೆರೆ ದಂಡೆಯಲ್ಲಿ ತುಳಜಾರಾಮನ ಹತ್ತನೆಯ ದಿನದ ಕರ್ಮಕ್ಕೆ ಸೇರಿದವರೆಲ್ಲ ಬೇವಿನ ಮರವನ್ನೇ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡಿದ್ದರು. ಮರದ ತುಂಬ ಕಾಗೆಗಳಿದ್ದವು, ಒಂದಾದರೂ ಇಳಿಯಲೊಲ್ಲದು. ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದೇ ಇದರ ಅರ್ಥ. ಅದನ್ನು ಯಾರಾದರೂ ಬಾಯಿಬಿಟ್ಟು ತೀರಿಸಬೇಕು.

ಮಗ ಧನರಾಜ ಕೈಮುಗಿದು ಮಾತು ಕೊಡುತ್ತಲೇ ಇದ್ದ. "ಅಪ್ಪಾ, ತಂಗಿ ಸ್ನೇಹಲಳ ಲಗ್ನ ಈ ವರ್ಷನೇ ಮಾಡ್ತೀನಿ. ಬಾವಿ ಹೂಳು ತೆಗಸ್ತೀನಿ. ಸಿಗರೇಟ್ ಬಿಡ್ತೀನಿ."

ಕಾಗೆಗಳು ನಂಬಲಿಲ್ಲ.

ಸತ್ತವನ ತಮ್ಮ ಅಂಬರೀಷ ಹುಮನಾಬಾದಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅಣ್ಣ ಅತೃಪ್ತನಾಗಿ ಹೋದ ಅಂತ ಊರು ಆಡಿಕೊಳ್ಳುವುದನ್ನು ಅವನು ಸಹಿಸಲಾರ. ಅತ್ತಿಗೆ ಯಶೋದಾಬಾಯಿಯ ಮುಖವನ್ನಂತೂ ನೋಡುವ ಹಾಗಿರಲಿಲ್ಲ. ತನ್ನಿಂದಲೇ ಏನೋ ಕಡಿಮೆಯಾಯಿತೆಂದು ಆಕೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

"ಇನ್ನ ದರ್ಭೆ ಹುಲ್ಲಿಂದು ಒಂದ ಕಾಗಿ ಮಾಡಿ ಮುಟ್ಟಿಸಿಬಿಡೂಣು," ಎಂದರು ಪುರೋಹಿತರಾದ ಜೋಶಿ ಮಹಾರಾಜರು. ಅವರಿಗೆ ಮೋರಖಂಡಿಯಲ್ಲಿ ಇನ್ನೊಂದು ಕರ್ಮವಿತ್ತು.

ಅಷ್ಟರಲ್ಲಿ ಕರಿಯ ಹಕ್ಕಿಯೊಂದು ಕೆರೆಯಿಂದೆದ್ದು ಬಂದು ಹತ್ತಿರದ ಕಲ್ಲಿನ ಮೇಲೆ ಕೂತು, ಒದ್ದೆ ರೆಕ್ಕೆ ಹರಡಿ ಒಣಗಿಸಿಕೊಳ್ಳತೊಡಗಿತು. ಅಂಬರೀಷ ಗಡಬಡಿಸಿ ಎದ್ದ.

"ಮಹಾರಾಜ್ರ, ಇದು ಕಾರ್ಮೊರೆಂಟ್! ಲ್ಯಾಟಿನ್ ಭಾಷಾದಾಗ ಕಾರ್ವಸ್ ಮರಿನಸ್ ಅಂದ್ರ ಸಮುದ್ರದ ಕಾಗಿ. ಅದೇ ಹೆಸರು ಫ್ರೆಂಚಿನಾಗ ಸವದು ಇಂಗ್ಲಿಷಿಗೆ ಬಂದದ. ನಾವೂ ನೀರಕಾಗಿ ಅಂತೀವಿ. ಇದರ ಮುಂದ ಸರಸ್ರಿ ಪಿಂಡ."

"ಶಾಸ್ತ್ರಕ್ಕ ಲ್ಯಾಟಿನ್ ಬರಂಗಿಲ್ರಿ, ಸರ್."

"ಹುಲ್ಲಿನ ಕಾಗಿ ನಡೀತದಂದ್ರ ಲ್ಯಾಟಿನ್ ಕಾಗಿ ಯಾಕ ನಡೆಯಂಗಿಲ್ಲ?"

ಮಹಾರಾಜರು ಹಕ್ಕಿಯ ಮುಂದೆ ಪಿಂಡ ಸರಿಸಿದರು. ಹಕ್ಕಿ ಅನ್ನವನ್ನು ಒಮ್ಮೆ ನೋಡಿ ಮುಖ ತಿರುಗಿಸಿತು.

"ಅದು ಅನ್ನ ತಿನ್ನಂಗಿಲ್ಲೇನು, ಅಂಬರೀಷ?" ಯಶೋದಾಬಾಯಿ ಕಣ್ಣೊರೆಸಿಕೊಂಡು ಕೇಳಿದಳು.

"ಇಲ್ಲ ವೈನಿ. ಬರೇ ಮೀನ. ಎಷ್ಟ ತಿಂದ್ರೂ ಸಾಲಂಗಿಲ್ಲ. ಅದಕ್ಕ ಇಂಗ್ಲಿಷಿನಾಗ ಹೊಟ್ಟಿಬಾಕಗೂ ಅದೇ ಹೆಸರು..." ಇದು ಪಾಠದ ಹೊತ್ತಲ್ಲವೆಂದು ಹೊಳೆದು ಅವನು ನಾಲಿಗೆ ಕಚ್ಚಿಕೊಂಡ.

ಆಕೆಯ ಅಳು ನಿಂತಿತು. ಎದ್ದು ಹೋಗಿ ಆ ಕಲ್ಲಿನ ಮುಂದೆ ನಿಂತಳು.

"ಕೊರಳಾಗ ತುಳಸಿಮಾಲಿ ಹಾಕ್ಕೊಂಡು ನಬೀಸಾಬ್ ಅವರ ಮನ್ಯಾಗ ಕದ್ದು ಮೀನ ತಿಂತಿದ್ರಿ. ಸಾಬೂನ ಹಚ್ಚಿ ಹಚ್ಚಿ ಕೈ ತೊಳಕೊಂಡು ಬರ್ತಿದ್ರಿ. ನನಗ ಮೊದಲಿಂದ್ಲೂ ಗೊತ್ತದ. ಸಿಟ್ಟಿಲ್ಲ. ಸುಖವಾಗಿ ಹೋಗ್ರಿ."

ಬೇವಿನ ಮರದಿಂದ ಕಾಗೆಯೊಂದು ಸೀದಾ ಇಳಿದು ಬಂದು ಪಿಂಡಕ್ಕೆ ಕೊಕ್ಕು ಹಾಕಿತು. ಜೋಶಿ ಮಹಾರಾಜರು ಗಡಿಯಾರ ನೋಡಿಕೊಂಡರು. ಅಂಬರೀಷ ಕೈಮುಗಿದು ಹುಡುಗನ ಹಾಗೆ ಅತ್ತ.

ಯಶೋದಾಬಾಯಿ ಮಾತ್ರ ಜನರ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಗಂಡನ ಗೆಳೆಯ ನಬೀಸಾಬನ ಬಳಿ ಹೋಗಿ ಮೆಲ್ಲಗೆ ಕೇಳಿದಳು: "ಭಾಯಿ, ಅವರಿಗೆ ಹುರಿದದ್ದು ಸೇರ್ತಿತ್ತೋ, ಸಾರೋ?"