ಆಂಟೆನಾಗಿಂತ ಎತ್ತರ

ಕಚೇರಿಯ ತಾರಸಿಯಲ್ಲಿ ಬರಲಿದ್ದ ಹೊಸ ಕೇಂದ್ರಕ್ಕೆ ಆಂಟೆನಾ ಆರಿಸುವ ಹೊಣೆ ಹೆಗಲಿಗೆ ಬಿದ್ದಾಗಿನಿಂದ ಎಂಜಿನಿಯರ್ ನಂಜರಾಜಯ್ಯನವರನ್ನು ಹಿಡಿಯುವವರೇ ಇರಲಿಲ್ಲ. ಉಪಗ್ರಹಗಳ ಸಂಕೇತ ಹಿಡಿದು ಇಡೀ ಜಿಲ್ಲೆಯ ಸರ್ವೆಗೆ ಆಧಾರವಾಗುವ ಕೇಂದ್ರ ಅದು. ಮಿಲಿಮೀಟರ್ ಕೂಡ ತಪ್ಪುವಂತಿಲ್ಲ. ನೆಲಕ್ಕೆ ಬಡಿದು ಮೇಲೇಳುವ ಸಂಕೇತವನ್ನು ಹತ್ತಿರ ಬಿಡದ ದುಬಾರಿ ಆಂಟೆನಾವನ್ನೇ ಹಟ ಹಿಡಿದು ತರಿಸಿದರು. ತಾರಸಿಯ ಮೇಲಿದ್ದ ಟಿವಿ ಡಿಶ್, ತಗಡಿನ ಶೆಡ್ಡು, ಕ್ಯಾಂಟೀನಿನವರು ಪಾತ್ರೆ ಒಣಗಿಸುತ್ತಿದ್ದ ಕಬ್ಬಿಣದ ಸ್ಟ್ಯಾಂಡು ಎಲ್ಲವನ್ನೂ ಗದರಿಸಿ ಕೆಳಗಿಳಿಸಿದರು. ಉದ್ಘಾಟನೆಯ ದಿನ ಸ್ಟೀಲ್ ಫಲಕದ ಪರದೆ ಸರಿದಾಗ ಚಪ್ಪಾಳೆಯೋ ಚಪ್ಪಾಳೆ.

ಮರುವಾರದಿಂದಲೇ ಅಳತೆ ತಪ್ಪತೊಡಗಿತು. ನಿಂತಲ್ಲೇ ನಿಂತಿದ್ದ ಆಂಟೆನಾ ಕಂಪ್ಯೂಟರಿನಲ್ಲಿ ಕುಡಿದವರಂತೆ ತೂರಾಡಿತು.

“ಮಾಲೇ ಸರಿಯಿಲ್ಲ, ವಾಪಸ್ ಕಳಿಸ್ತೀನಿ!” ಎಂದು ಹಾರಾಡುತ್ತಾ ಅವರು ಸಹೋದ್ಯೋಗಿ ವಿಮಲಾಕ್ಷಿಯವರನ್ನು ತಾರಸಿಗೆ ಕರೆತಂದರು.

“ಕೆಳಗಿಂದ ಬರೋದನ್ನ ಇದು ತಡೆಯುತ್ತೆ ಸರ್. ಪಕ್ಕದಲ್ಲಿ ಇದಕ್ಕಿಂತ ಎತ್ತರಕ್ಕೆ ಲೋಹ ಇದ್ದು, ಸಂಕೇತ ಅದಕ್ಕೆ ಬಡಿದು ಬಂದ್ರೆ ಪಾಪ, ಇದೇನು ಮಾಡುತ್ತೆ?”

“ನನಗೇ ಪಾಠ ಹೇಳ್ತೀರಾ? ತಾರಸಿ ಮೇಲೆ ಲೋಹ ಇರಬಾರದು ಅಂತ ನಿಯಮ ಬರೆದೋನೇ ನಾನು! ಇಲ್ಲಿ ಒಂದು ಮೊಳೆ ತೋರಿಸಿ, ನೋಡೋಣ.”

ಸೂರ್ಯ ಬೆನ್ನ ಹಿಂದಿದ್ದರೂ ನಂಜರಾಜಯ್ಯನವರ ಕಣ್ಣಿಗೆ ಬಿಸಿಲು ಕುಕ್ಕಿತು. ಕೈ ಅಡ್ಡ ಹಿಡಿದು ತಲೆಯೆತ್ತಿದರು. ರಸ್ತೆಯಲ್ಲಿ ಹೋಗುವವರಿಗೂ ಕಾಣಲೆಂದು ತಾವೇ ನಿಂತು ಆಂಟೆನಾ ಪಕ್ಕದಲ್ಲೇ ಎತ್ತರಕ್ಕೆ ಏರಿಸಿದ್ದ ಉದ್ಘಾಟನೆಯ ಫಲಕ ಥಳಥಳ ಹೊಳೆಯುತ್ತಿತ್ತು.

“ಏನು ಕಾಣ್ತಿದೆ ಸರ್?”

“ನನ್ನ ಹೆಸರು ಮೇಡಂ. ಇಳಿಸ್ತೀನಿ, ಸ್ಪ್ಯಾನರ್ ಕೊಡಿ.”